ಬದುಕಿಗೊಂದು ದಿಕ್ಕು ಬೇಕು ಅನ್ನಿಸ್ತಿದ್ಯಾ? ತಲೇಲಿ ಹುಡುಕ್ಬೇಡಿ, ಒಂದು ನೋಟ್‌ಬುಕ್ ತಗೊಳ್ಳಿ

ರಾತ್ರಿ ಒಂದೂವರೆಗೆ ಫ್ಯಾನ್ ತಿರುಗೋದನ್ನೇ ನೋಡ್ಕೊಂಡು ಮಲಗಿ "ಇದೆಲ್ಲಾ ಯಾಕ್ ಮಾಡ್ತಿದೀನಿ ನಾನು" ಅಂತ ಕೇಳ್ಕೊಳ್ಳೋ ಜನಕ್ಕೆ ಇದನ್ನ ಬರೀತಿದೀನಿ. ನಾನೂ ಅದೇ ಗುಂಪು. ಮೂವತ್ನಾಲ್ಕರಲ್ಲಿ ಕೆಲಸ ಇತ್ತು, ಸಂಬಳ ಬರ್ತಿತ್ತು, ಮನೇಲಿ ಜಗಳ ಇರ್ಲಿಲ್ಲ, ಆದ್ರೂ ಭಾನುವಾರ ಸಂಜೆ ಆಯ್ತು ಅಂದ್ರೆ ಹೊಟ್ಟೇಲಿ ಏನೋ ಖಾಲಿ ಖಾಲಿ. ಆಗ ನಾನ್ ಮಾಡಿದ ದೊಡ್ಡ ತಪ್ಪು ಅಂದ್ರೆ ಕೂತು ಯೋಚ್ನೆ ಮಾಡಿದ್ದು. "ನನ್ನ ಜೀವನದ ಉದ್ದೇಶ" ಅಂತ ಹೆಡ್ಡಿಂಗ್ ಹಾಕಿ, ಕೆಳಗೆ ಎರಡು ಗೆರೆ ಎಳ್ದು, ಮುಂದೆ ಒಂದಕ್ಷರ ತೋಚದೆ ಪೆನ್ ಕ್ಯಾಪ್ ಕಚ್ಕೊಂಡು ಕೂತಿದ್ದೆ. ಆ ಹಾಳೆ ಇನ್ನೂ ಇಟ್ಕೊಂಡಿದೀನಿ, ಎರಡು ಗೆರೆ ಬಿಟ್ರೆ ಅದರಲ್ಲಿ ಏನೂ ಇಲ್ಲ.

ಆಮೇಲೆ ಗೊತ್ತಾಗಿದ್ದು ಇಷ್ಟು: ಉತ್ತರ ತಲೆ ಒಳಗೆ ಇರಲ್ಲ, ದಿನಾ ಏನ್ ಮಾಡ್ತೀವಿ, ಯಾರಿಗೋಸ್ಕರ ಮಾಡ್ತೀವಿ ಅನ್ನೋದ್ರಲ್ಲಿ ಆಗ್ಲೇ ಅರ್ಧ ಬರ್ದಿರುತ್ತೆ, ನಾವು ಓದಿರಲ್ಲ ಅಷ್ಟೇ. ಅದನ್ನ ಓದೋದು ಹೆಂಗೆ ಅಂತ ಕೆಳಗೆ ಒಂದೊಂದೇ ಹೆಜ್ಜೆಯಾಗಿ ಹೇಳ್ತೀನಿ. ಒಟ್ಟು ಎರಡರಿಂದ ಮೂರು ತಿಂಗಳ ಕೆಲಸ, ವೀಕೆಂಡಲ್ಲಿ ಮುಗಿಯಲ್ಲ.

ಶುರು ಮಾಡೋಕೆ ಮುಂಚೆ: ಇದು ದಿಕ್ಕಿನ ಪ್ರಶ್ನೆನಾ, ಆರೋಗ್ಯದ ಪ್ರಶ್ನೆನಾ?

ಇದನ್ನ ಸ್ಕಿಪ್ ಮಾಡ್ಬೇಡಿ. ಎರಡು ವಾರಕ್ಕಿಂತ ಜಾಸ್ತಿ ದಿನ, ದಿನದ ಬಹುಪಾಲು ಹೊತ್ತು ಮನಸ್ಸು ಕುಸಿದೇ ಇದ್ಯಾ, ಮುಂಚೆ ಖುಷಿ ಕೊಡ್ತಿದ್ದ ಯಾವುದೂ ಈಗ ಬೇಡ ಅನ್ಸುತ್ತಾ, ನಿದ್ದೆ ಊಟ ಕೆಟ್ಟಿದ್ಯಾ? ಹಂಗಿದ್ರೆ ನೋಟ್‌ಬುಕ್ಕು ಪಕ್ಕಕ್ಕಿಡಿ, ಮೊದಲು ಡಾಕ್ಟರ್ ಹತ್ರ ಹೋಗಿ. ಸಾಯ್ಬೇಕು ಅನ್ನೋ ಯೋಚ್ನೆ ಬರ್ತಿದ್ರಂತೂ ಇವತ್ತೇ, ಒಬ್ಬರಿಗಾದ್ರೂ ಬಾಯ್ಬಿಟ್ಟು ಹೇಳಿ. ಡಿಪ್ರೆಶನ್ ಇದ್ದಾಗ ಯಾವ ಉದ್ದೇಶ ತಂದು ಮುಂದಿಟ್ರೂ ಸಪ್ಪೆನೇ ಅನ್ಸುತ್ತೆ, ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಹಾಗೇನೇ ಮೂರು ತಿಂಗಳಿಂದ ದಿನಕ್ಕೆ ಐದು ಗಂಟೆ ಮಾತ್ರ ನಿದ್ದೆ ಮಾಡ್ತಿದ್ರೆ ಮೊದಲು ನಿದ್ದೆ ಮಾಡಿ ನೋಡಿ. ತಮಾಷೆಗೆ ಹೇಳ್ತಿಲ್ಲ, ನನ್ನ ಅರ್ಧ ವೈರಾಗ್ಯ ನಿದ್ದೆಗೆಟ್ಟಿದ್ದರಿಂದಲೇ ಬಂದಿತ್ತು.

ಹೆಜ್ಜೆ 1: ಗುರಿ ಬೇರೆ, ಉದ್ದೇಶ ಬೇರೆ ಅಂತ ಮೊದಲು ತಿಳ್ಕೊಳ್ಳಿ

ಗುರಿ ಅಂದ್ರೆ ಮುಗಿಯೋದು. ಪರೀಕ್ಷೆ ಪಾಸಾಗೋದು, ಮನೆ ಕಟ್ಟೋದು, ಹತ್ತು ಕೆಜಿ ಇಳಿಸೋದು. ಟಿಕ್ ಹಾಕಿದ್ರೆ ಮುಗೀತು. ಉದ್ದೇಶಕ್ಕೆ ಟಿಕ್ ಹಾಕೋಕಾಗಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಡೇಮನ್ ಮತ್ತು ಅವರ ಜೊತೆಯವರು 2003ರಲ್ಲಿ ಕೊಟ್ಟ ವಿವರಣೆ ನನಗೆ ಚೆನ್ನಾಗಿ ಕೂತಿದೆ. ಅದರ ಪ್ರಕಾರ ಮೂರು ವಿಷ್ಯ ಒಟ್ಟಿಗಿರ್ಬೇಕು: ಬೇಗ ಬದಲಾಗದ, ದೂರದವರೆಗೂ ಜೊತೆಗಿರೋ ಇರಾದೆ ಆಗಿರ್ಬೇಕು, ನಿಮಗೆ ಅದು ಮುಖ್ಯ ಅನ್ನಿಸ್ಬೇಕು, ನಿಮ್ಮಿಂದಾಚೆ ಇರೋರಿಗೂ ಅದರಿಂದ ಏನಾದ್ರೂ ಆಗ್ಬೇಕು. ಈ ಮೂರನೇದನ್ನೇ ನಾವೆಲ್ಲಾ ಬಿಟ್ಬಿಡೋದು. "ನನಗೇನ್ ಇಷ್ಟ, ನನಗೇನ್ ಬೇಕು" ಅಂತ ಕೆದಕಿ ಕೆದಕಿ ಸುಸ್ತಾಗ್ತೀವಿ, "ಇದರಿಂದ ಯಾರಿಗೇನಾಗುತ್ತೆ" ಅಂತ ಕೇಳೋದೇ ಇಲ್ಲ.

ಗುರಿನೇ ಉದ್ದೇಶ ಅಂದ್ಕೊಂಡ್ರೆ ಏನಾಗುತ್ತೆ ಅಂದ್ರೆ, ಗುರಿ ಮುಟ್ಟಿದ ಮರುವಾರ ಖಾಲಿತನ ವಾಪಸ್ ಬರುತ್ತೆ. ನಾವು ಯಾವುದಕ್ಕೆ ಬೇಕಾದ್ರೂ ಒಗ್ಗಿಹೋಗ್ತೀವಿ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞರು ಲಾಟರಿ ಹೊಡೆದ 22 ಜನರನ್ನ ಲಾಟರಿ ಹೊಡೀದೆ ಇರೋ 22 ಜನರ ಜೊತೆ ಇಟ್ಟು ಕೇಳಿ ನೋಡಿದ್ರೆ, ಸಂತೋಷದ ಲೆಕ್ಕದಲ್ಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಸಿಗ್ಲಿಲ್ಲ. ಚಿಕ್ಕ ಸ್ಟಡಿ, ಅದನ್ನೇ ವೇದವಾಕ್ಯ ಅನ್ಕೋಬೇಡಿ, ಆದ್ರೆ ದೂರದ ಬೆಟ್ಟ ನುಣ್ಣಗೆ ಅಂತ ನಮ್ಮೋರು ಇದಕ್ಕೆ ಯಾವಾಗಲೋ ಹೇಳಿದಾರೆ.

ಹೆಜ್ಜೆ 2: ಹದಿನಾಲ್ಕು ದಿನದ ಲೆಕ್ಕ

ಈ ಹೆಜ್ಜೆ ಸರಿಯಾಗಿ ಮಾಡಿದ್ರೆ ಮಿಕ್ಕಿದ್ದು ಅರ್ಧ ತಾನಾಗೇ ಆಗುತ್ತೆ. ಒಂದು ಚಿಕ್ಕ ನೋಟ್‌ಬುಕ್, ಜೇಬಿಗೆ ಹಿಡಿಸೋ ಅಂಥದ್ದು. ಫೋನಲ್ಲಿ ಬೇಡ, ಬರೆಯೋಕೆ ಅಂತ ತೆಗೆದ್ರೆ ಬೇರೆ ಎಲ್ಲಿಗೋ ಹೋಗಿ ಇಪ್ಪತ್ತು ನಿಮಿಷ ಬಿಟ್ಟು ವಾಪಸ್ ಬರ್ತೀವಿ. ದಿನಕ್ಕೆ ಮೂರು ಸಲ, ಮಧ್ಯಾಹ್ನ, ಸಂಜೆ, ಮಲಗೋ ಮುಂಚೆ, ಎರಡೆರಡೇ ನಿಮಿಷ. ಇಷ್ಟು ಬರೀರಿ:

ಏನ್ ಮಾಡ್ದೆ. ಯಾರಿಗೋಸ್ಕರ. ಟೈಮ್ ಹೋಗಿದ್ದು ಗೊತ್ತಾಯ್ತಾ ಇಲ್ವಾ. ಮುಗಿದ ಮೇಲೆ ಮೈಗೆ ಹೆಂಗನ್ನಿಸ್ತು: ಹಗುರ ಆದ್ರೆ ಪ್ಲಸ್, ಹಿಂಡಿಹಾಕ್ದಂಗಾದ್ರೆ ಮೈನಸ್, ಏನೂ ಇಲ್ಲ ಅಂದ್ರೆ ಸೊನ್ನೆ.

ನಿಯಮ ಎರಡೇ. ಒಂದು, ಕಾರಣ ಬರೀಬಾರ್ದು, ಬರೀ ನಡೆದಿದ್ದು ಬರೀಬೇಕು, ಯಾಕಂದ್ರೆ ಕಾರಣ ಬರೆಯೋಕೆ ಶುರು ಮಾಡಿದ್ರೆ ನಮ್ಮ ಬಗ್ಗೆ ನಮಗೆ ಮೊದಲೇ ಇರೋ ಕತೆನೇ ಮತ್ತೆ ಬರ್ಕೊಳ್ತೀವಿ. ಎರಡು, ಯಾರಿಗೂ ತೋರಿಸ್ಬಾರ್ದು. ತೋರಿಸ್ತೀವಿ ಅಂತ ಗೊತ್ತಾದ ಕ್ಷಣ ಕೈ ಸುಳ್ಳು ಬರೆಯುತ್ತೆ.

ನನ್ನ ನೋಟ್‌ಬುಕ್‌ನಿಂದ ಮೂರು ಸಾಲು, ಹಂಗಂಗೇ:

"ದಿನ 3. ಮೀಟಿಂಗ್ ಎರಡು ಗಂಟೆ, ಯಾರಿಗೋಸ್ಕರ ಗೊತ್ತಿಲ್ಲ, ಮೈನಸ್. ಹೊಸದಾಗಿ ಸೇರಿರೋ ಹುಡುಗನಿಗೆ ಲೆಕ್ಕದ ಶೀಟ್ ಹೇಳ್ಕೊಟ್ಟೆ, ನಲವತ್ತು ನಿಮಿಷ, ಪ್ಲಸ್."

"ದಿನ 6. ಪಕ್ಕದ ಮನೆ ಹುಡುಗಿಗೆ ಭಿನ್ನರಾಶಿ, ಕಾಗದ ಹರ್ದು ಹರ್ದು ತೋರಿಸ್ದೆ, ಒಂದು ಗಂಟೆ ಹೋಗಿದ್ದು ಗೊತ್ತಾಗ್ಲಿಲ್ಲ, ಪ್ಲಸ್."

"ದಿನ 11. ಪ್ರಮೋಷನ್ ಬಗ್ಗೆ ಬಾಸ್ ಜೊತೆ ಮಾತು. ಒಳ್ಳೆ ಸುದ್ದಿ. ಸೊನ್ನೆ."

ಆ ಹನ್ನೊಂದನೇ ದಿನದ ಸೊನ್ನೆ ನೋಡಿ ನನಗೇ ಭಯ ಆಯ್ತು. ಎರಡು ವರ್ಷದಿಂದ ಯಾವುದಕ್ಕೆ ಒದ್ದಾಡ್ತಿದ್ನೋ ಅದು ಕೈಗೆ ಬಂದಾಗ ನನ್ನ ಕೈಯೇ ಸೊನ್ನೆ ಬರ್ದಿತ್ತು. ಅಳಿಸಿ ಪ್ಲಸ್ ಮಾಡ್ಬೇಕು ಅಂತ ಪೆನ್ ಕೂಡ ಎತ್ತಿದ್ದೆ.

ಹೆಜ್ಜೆ 3: ಪ್ಲಸ್‌ಗಳನ್ನ ಕ್ರಿಯಾಪದದಲ್ಲಿ ಓದಿ

ಹದಿನಾಲ್ಕು ದಿನ ಆದ್ಮೇಲೆ ಪ್ಲಸ್ ಇರೋ ಸಾಲುಗಳನ್ನ ಮಾತ್ರ ಬೇರೆ ಹಾಳೆಗೆ ಇಳಿಸಿ. ಅದರಲ್ಲಿರೋ ವಸ್ತುಗಳನ್ನ ಬಿಟ್ಟು ಕೆಲಸ ಯಾವುದು ಅಂತ ನೋಡಿ. ಶೀಟು, ಭಿನ್ನರಾಶಿ, ಇವೆಲ್ಲಾ ಮೇಲಿನ ಬಟ್ಟೆ. ಒಳಗಿರೋ ಕ್ರಿಯಾಪದ ಏನು? ಬಿಡಿಸಿ ಹೇಳೋದು. ಕೆಲವರಿಗೆ ಅದು ರಿಪೇರಿ ಮಾಡೋದು ಆಗಿರುತ್ತೆ, ಕೆಲವರಿಗೆ ಜೋಡಿಸೋದು, ಕಾಪಾಡೋದು, ಬೆಳೆಸೋದು, ಜನರನ್ನ ಒಟ್ಟು ಸೇರಿಸೋದು, ಅನ್ಯಾಯ ಕಂಡಾಗ ಬಾಯ್ಬಿಡೋದು. ಅದು ನಿಮಗೆ ಎಷ್ಟು ಸಲೀಸಾಗಿ ಬರುತ್ತೆ ಅಂದ್ರೆ ಅದನ್ನ ನೀವು ಕೆಲಸ ಅಂತನೇ ಲೆಕ್ಕಕ್ಕೆ ಹಿಡಿದಿರಲ್ಲ, ಅದಕ್ಕೇ ಇಷ್ಟು ದಿನ ಕಣ್ಣಿಗೆ ಬಿದ್ದಿರಲ್ಲ.

ವಿನ್ಸೆಂಟ್ ವ್ಯಾನ್ ಗೋ ನೋಡಿ. ಚಿತ್ರ ಮಾರೋ ಕಂಪನೀಲಿ ಕೆಲಸ, ಆಮೇಲೆ ಮೇಷ್ಟ್ರು, ಪುಸ್ತಕದ ಅಂಗಡಿ, ಆಮೇಲೆ ಬೆಲ್ಜಿಯಂನ ಕಲ್ಲಿದ್ದಲು ಗಣಿ ಜನರ ನಡುವೆ ಧರ್ಮಪ್ರಚಾರ. ಒಂದರಲ್ಲೂ ನೆಲೆ ನಿಲ್ಲಲಿಲ್ಲ. 1880ರಲ್ಲಿ, ಇಪ್ಪತ್ತೇಳರ ವಯಸ್ಸಲ್ಲಿ, ಚಿತ್ರಕಾರ ಆಗ್ತೀನಿ ಅಂತ ತೀರ್ಮಾನ ಮಾಡಿದ್ರು. ಹೊರಗಿಂದ ನೋಡಿದ್ರೆ ದಿಕ್ಕೆಟ್ಟ ಬದುಕು, ಆದ್ರೆ ಆ ಹೊತ್ತಲ್ಲಿ ಅವರು ಗೀಚ್ತಿದ್ದಿದ್ದು ಅದೇ ಗಣಿ ಕೆಲಸದವರನ್ನ, ಬಡವರನ್ನ. ಸೋತ ಕೆಲಸಗಳ ಒಳಗೇ ಎಳೆ ಇತ್ತು. ಹಾಗಂತ ದಾರಿ ಸಿಕ್ಕಿದ್ರಿಂದ ಅವರ ಬದುಕೇನೂ ಸುಖವಾಗ್ಲಿಲ್ಲ, ಕೊನೆಯವರೆಗೂ ಮಾನಸಿಕ ಕಾಯಿಲೆ ಜೊತೆ ಹೋರಾಡಿದ್ರು. ಉದ್ದೇಶ ಸಿಕ್ಕಿದ್ರೆ ಎಲ್ಲಾ ಸರಿಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಸುಮ್ಮನೆ ತಲೆ ಆಡಿಸಿ ಮುಂದೆ ಹೋಗಿ.

ಹೆಜ್ಜೆ 4: ಒಂದು ವಾಕ್ಯ, ಅದರಲ್ಲಿ ಒಬ್ಬ ಮನುಷ್ಯ

ಈಗ ಒಂದು ಸಾಲು ಬರೀರಿ. ಮಾದರಿ ಹೀಗೆ: "ಇಂಥವರಿಗೆ, ಇಂಥ ಕೆಲಸ ಮಾಡಿ, ಇಷ್ಟು ಅನುಕೂಲ ಮಾಡಿಕೊಡೋದು." ನನ್ನದು: "ಗೊತ್ತಿಲ್ಲ ಅಂತ ನಾಚಿಕೊಂಡು ಕೂತಿರೋರಿಗೆ ಕಷ್ಟದ ವಿಷಯ ಬಿಡಿಸಿ ಹೇಳಿ, ಭಯ ಹೋಗಲಾಡಿಸೋದು." ಸಮಾಜ, ಜಗತ್ತು, ಮನುಕುಲ ಅನ್ನೋ ಪದ ಬಂದ್ರೆ ಹೊಡೆದುಹಾಕಿ. ಆ ಸಾಲು ಓದಿದ ತಕ್ಷಣ ಕಣ್ಮುಂದೆ ಒಂದು ಮುಖ ಬರ್ಬೇಕು. ಬರದಿದ್ರೆ ಅದು ಭಾಷಣ.

ಹೀಗೆ ಬರೆದ ಮೇಲೆ ತುಂಬಾ ಜನಕ್ಕೆ "ಇಷ್ಟೇನಾ?" ಅನ್ನಿಸುತ್ತೆ. ಅನ್ನಿಸ್ಲಿ ಬಿಡಿ.

ಮನೆಯವರನ್ನ ಮರೀಬೇಡಿ ಅಂತ ಇಲ್ಲೇ ಒಂದು ಮಾತು. ಊರಿಗೆ ಉಪಕಾರಿ ಮನೆಗೆ ಮಾರಿ ಆದೋರನ್ನ ನಾವೆಲ್ಲಾ ನೋಡಿದೀವಿ. ನಿಮ್ಮ ಸಾಲನ್ನ ಮನೇಲಿರೋರಿಗೂ ಅನ್ವಯಿಸಿ ನೋಡಿ. ನಾನು ಹೊರಗೆ ಎಲ್ಲರಿಗೂ ತಾಳ್ಮೆಯಿಂದ ಹೇಳ್ಕೊಡ್ತಿದ್ದೆ, ಅಪ್ಪ ಫೋನಲ್ಲಿ ಫೋಟೋ ಕಳ್ಸೋದು ಹೆಂಗೋ ಅಂತ ಮೂರನೇ ಸಲ ಕೇಳಿದ್ರೆ ಮಾತ್ರ ಸಿಡುಕ್ತಿದ್ದೆ. ಆ ಸಾಲು ಬರೆದ ಮೇಲೆ ಮೊದಲು ಚುಚ್ಚಿದ್ದು ಅದೇ.

ಹೆಜ್ಜೆ 5: ಕೆಲಸ ಬಿಡ್ಬೇಡಿ, ಪ್ರಯೋಗ ಮಾಡಿ

ಸಾಲು ಸಿಕ್ಕ ಖುಷೀಲಿ ರಾಜೀನಾಮೆ ಬರೆಯೋ ಆಸೆ ಬರುತ್ತೆ, ತಡ್ಕೊಳ್ಳಿ. ವಾರಕ್ಕೆ ಎರಡು ಗಂಟೆ, ಆರು ವಾರ, ಅಷ್ಟೇ. ಆರಾಮಾಗಿ ನಿಲ್ಲಿಸಬಹುದಾದ, ಕೈ ಸುಡದ ಪ್ರಯೋಗ ಆಗಿರ್ಬೇಕು. ಪ್ರತಿ ವಾರ ಅದೇ ನೋಟ್‌ಬುಕ್ಕಲ್ಲಿ ಪ್ಲಸ್ಸೋ ಮೈನಸ್ಸೋ ಬರೀರಿ.

ಮೂರನೇ ವಾರಕ್ಕೆ ಬೋರ್ ಹೊಡೆಯುತ್ತೆ, ಕಷ್ಟ ಅನ್ಸುತ್ತೆ, ಇದನ್ನ ಮೊದಲೇ ಹೇಳ್ಬಿಡ್ತೀನಿ. ಅಲ್ಲೇ ಎಷ್ಟೋ ಜನ "ಓ ಇದು ನಂದಲ್ಲ" ಅಂತ ಬಿಟ್ಟು ಮುಂದಿನದಕ್ಕೆ ಹಾರ್ತಾರೆ. ಪಾಲ್ ಓಕೀಫ್, ಕ್ಯಾರಲ್ ಡ್ವೆಕ್, ಗ್ರೆಗರಿ ವಾಲ್ಟನ್ ಅನ್ನೋ ಸಂಶೋಧಕರು 2018ರಲ್ಲಿ ಇದನ್ನೇ ತೋರಿಸಿದ್ರು. ಆಸಕ್ತಿ ಅನ್ನೋದು ಎಲ್ಲೋ ರೆಡಿಯಾಗಿ ಬಚ್ಚಿಟ್ಕೊಂಡಿದೆ, ಹುಡುಕಿದ್ರೆ ಸಾಕು ಅಂತ ನಂಬೋರ ಉತ್ಸಾಹ, ವಿಷಯ ಕಷ್ಟ ಆದ ಕೂಡ್ಲೇ ಜಾಸ್ತಿ ಇಳಿದುಹೋಗುತ್ತೆ. ಆಸಕ್ತಿನ ನಿಧಾನಕ್ಕೆ ಬೆಳೆಸ್ಕೋಬೇಕು ಅಂತ ನಂಬೋರದ್ದು ಅಷ್ಟು ಇಳಿಯಲ್ಲ. ಅದಕ್ಕೇ ಆರು ವಾರ ಅಂತ ಹೇಳಿದ್ದು. ಬಿಡೋದಾದ್ರೂ ಆರು ಮುಗಿಸಿ ಬಿಡಿ, ಬೇಜಾರಾದ ದಿನ ಬಿಡ್ಬೇಡಿ.

"ಟೈಮ್ ಸಿಕ್ಕಾಗ ಮಾಡ್ತೀನಿ" ಅಂದ್ರೆ ಟೈಮ್ ಸಿಗಲ್ಲ, ನಮಗೆಲ್ಲಾ ಗೊತ್ತಿರೋ ವಿಷ್ಯ. ಪೀಟರ್ ಗೋಲ್ವಿಟ್ಸರ್ ಅನ್ನೋ ಮನಶ್ಶಾಸ್ತ್ರಜ್ಞರು 1999ರಲ್ಲಿ ಬರೆದ ಒಂದು ಸರಳ ಉಪಾಯ ಇದೆ: ಯಾವಾಗ, ಎಲ್ಲಿ ಅನ್ನೋದನ್ನ ಮೊದಲೇ ಕಟ್ಹಾಕೋದು. "ಶನಿವಾರ ಬೆಳಗ್ಗೆ ಸ್ನಾನ ಆದ ತಕ್ಷಣ ಮುಂದಿನ ಕೋಣೆ ಮೇಜಿನ ಮುಂದೆ ಕೂರ್ತೀನಿ." ಅಷ್ಟೇ. ಮನಸ್ಸು ಬಂತಾ ಇಲ್ವಾ ಅಂತ ಕೇಳೋ ಅವಕಾಶನೇ ಇಲ್ಲದಂಗೆ ಮಾಡೋದು.

ಇನ್ನು, ಇರೋ ಕೆಲಸದ ಒಳಗೇ ಇದನ್ನ ತೂರಿಸೋಕಾಗುತ್ತಾ ನೋಡಿ. ಏಮಿ ರೆಸ್ನೆಸ್ಕಿ ಮತ್ತು ಜೇನ್ ಡಟನ್ ಅನ್ನೋ ಸಂಶೋಧಕರು 2001ರಲ್ಲಿ ಬರೆದ ಲೇಖನದಲ್ಲಿ ಆಸ್ಪತ್ರೆ ಕ್ಲೀನಿಂಗ್ ಕೆಲಸದವರ ಮಾತು ಬರುತ್ತೆ. ಒಂದೇ ಕೆಲಸ. ಕೆಲವರು ನೆಲ ಒರೆಸೋದೇ ನನ್ನ ಕೆಲಸ ಅಂದ್ರು. ಇನ್ನು ಕೆಲವರು ರೋಗಿಗಳ ಜೊತೆ ಮಾತಾಡ್ತಾ, ಬಂದೋರಿಗೆ ದಾರಿ ತೋರಿಸ್ತಾ, ನರ್ಸ್‌ಗಳ ಕೆಲಸದ ಹೊತ್ತು ನೋಡ್ಕೊಂಡು ತಮ್ಮ ಕೆಲಸ ಹೊಂದಿಸ್ತಾ, ರೋಗಿ ಗುಣ ಆಗೋದ್ರಲ್ಲಿ ನಮ್ಮದೂ ಪಾಲಿದೆ ಅಂತ ನೋಡ್ತಿದ್ರು. ಆದ್ರೆ ಇದನ್ನ ಮ್ಯಾನೇಜ್‌ಮೆಂಟಿನೋರು ತಮ್ಮ ಅನುಕೂಲಕ್ಕೆ ಬಳಸ್ಕೊಳ್ಳೋದೂ ಇದೆ, "ಅರ್ಥ ಹುಡುಕ್ಕೊಳಿ" ಅಂದು ಸಂಬಳ ಕೇಳಿದ್ರೆ ಮುಖ ತಿರುಗಿಸೋದು. ಅರ್ಥ ಸಂಬಳದ ಬದಲಿ ಅಲ್ಲ. ಕೆಲಸ ಬರೀ ಹೊಟ್ಟೆಪಾಡಿಗೆ ಇರ್ಲಿ, ಉದ್ದೇಶ ಸಂಜೆ ಆರರ ಮೇಲೆ ಇರ್ಲಿ ಅನ್ನೋರದ್ದೂ ಪೂರ್ತಿ ಸರಿಯಾದ ಬದುಕೇ.

ಹೆಜ್ಜೆ 6: ದೂರ ನಿಂತು ನೋಡೋ ಅಭ್ಯಾಸ

ಇಲ್ಲೀವರೆಗೆ ದಿಕ್ಕಿನ ಮಾತಾಯ್ತು. ಇನ್ನು ದೃಷ್ಟಿ, ಅಂದ್ರೆ ಪರ್ಸ್ಪೆಕ್ಟಿವ್. ಜನ ಇದನ್ನ ಏನೋ ವಯಸ್ಸಾದ್ಮೇಲೆ ತಾನಾಗೇ ಬರೋ ಜ್ಞಾನ ಅಂದ್ಕೊಂಡಿದಾರೆ, ನನ್ನ ಲೆಕ್ಕದಲ್ಲಿ ಇದು ಬರೀ ಅಂತರದ ವಿಷ್ಯ. ಪುಸ್ತಕನ ಮೂಗಿಗೆ ತಾಗಿಸ್ಕೊಂಡ್ರೆ ಓದೋಕಾಗಲ್ಲ, ನೂರು ಅಡಿ ದೂರ ಇಟ್ರೂ ಆಗಲ್ಲ.

ಗೆಳೆಯನ ಸಮಸ್ಯೆಗೆ ಎರಡೇ ನಿಮಿಷದಲ್ಲಿ ಒಳ್ಳೆ ಸಲಹೆ ಕೊಡ್ತೀವಿ, ಅದೇ ಸಮಸ್ಯೆ ನಮಗೆ ಬಂದ್ರೆ ಮಂಕು ಬಡಿಯುತ್ತೆ, ಅಲ್ವಾ? ಇಗೋರ್ ಗ್ರಾಸ್‌ಮನ್, ಈಥನ್ ಕ್ರಾಸ್ ಅನ್ನೋ ಮನಶ್ಶಾಸ್ತ್ರಜ್ಞರು 2014ರಲ್ಲಿ ಇದನ್ನ ಪರೀಕ್ಷೆ ಮಾಡಿ ನೋಡಿದ್ರು. ಹೌದು, ಬೇರೆಯವರ ತಾಪತ್ರಯದ ಬಗ್ಗೆ ಜನ ಜಾಸ್ತಿ ವಿವೇಕದಿಂದ ಯೋಚಿಸ್ತಾರೆ, ಆದ್ರೆ ತಮ್ಮ ಸಮಸ್ಯೆನ ಹೊರಗಿನವರ ಥರ ನೋಡಿ ಅಂದಾಗ ಆ ವ್ಯತ್ಯಾಸ ಹೋಗ್ಬಿಡುತ್ತೆ. ಮಾಡೋದು ಹೆಂಗೆ? ನಾನು ಮಾಡೋದು ಹೇಳ್ತೀನಿ. ಫೋನಲ್ಲಿ ವಾಯ್ಸ್ ರೆಕಾರ್ಡ್ ಆನ್ ಮಾಡಿ, ಏನು ಕಾಡ್ತಿದ್ಯೋ ಅದನ್ನ ಐದು ನಿಮಿಷ ಹೇಳ್ಕೊಳ್ಳೋದು, ಬೈಗುಳ ಸಮೇತ. ಅವತ್ತೇ ಕೇಳಲ್ಲ. ಮಾರನೇ ದಿನ ಬೆಳಗ್ಗೆ ವಾಕಿಂಗ್ ಹೋಗ್ತಾ, ಯಾರೋ ಗೆಳೆಯ ಕಳಿಸಿದ ಮೆಸೇಜ್ ಅನ್ನೋ ಥರ ಕೇಳೋದು. ಕೇಳಿದ್ಮೇಲೆ ಅವನಿಗೆ ಹೆಸರು ಹಿಡಿದು ಉತ್ತರ ಹೇಳೋದು, "ನೋಡಪ್ಪಾ, ನೀನು..." ಅಂತ. ಮೊದಲ ಸಲ ಕೇಳ್ದಾಗ ನನ್ನ ದನಿಲಿ ಸಿಟ್ಟಿಗಿಂತ ಜಾಸ್ತಿ ಸುಸ್ತು ಕೇಳಿಸ್ತು. ಹಿಂದಿನ ರಾತ್ರಿ ಅದು ನನಗೆ ಗೊತ್ತೇ ಆಗಿರ್ಲಿಲ್ಲ.

ಬರೆಯೋದು ಇಷ್ಟ ಇರೋರಿಗೆ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಅವರ ಪದ್ಧತಿ ಇದೆ, 1986ರಲ್ಲಿ ಪ್ರಕಟ ಆಗಿದ್ದು: ದಿನಕ್ಕೆ ಹದಿನೈದು ನಿಮಿಷ, ಸತತ ನಾಲ್ಕು ದಿನ, ಒಳಗೊಳಗೇ ಕೊರೆಯೋ ವಿಷಯದ ಬಗ್ಗೆ ಪೆನ್ ಎತ್ತದೆ ಬರೆಯೋದು. ಬರೆದಾದ ಕೂಡ್ಲೇ ಸ್ವಲ್ಪ ಹೊತ್ತು ಮನಸ್ಸು ಇನ್ನೂ ಭಾರ ಆಗಬಹುದು, ಅದು ಸಾಮಾನ್ಯ. ತೀರಾ ಹಸಿ ಗಾಯ ಇದ್ರೆ ಈಗಲೇ ಕೆದಕ್ಬೇಡಿ.

ಇನ್ನು ತುಂಬಾ ದೂರದಿಂದ ನೋಡೋದು. 1990ರ ಫೆಬ್ರವರಿ 14ರಂದು ವಾಯೇಜರ್ 1 ಬಾಹ್ಯಾಕಾಶ ನೌಕೆ ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ಹಿಂತಿರುಗಿ ಭೂಮಿಯ ಫೋಟೋ ತೆಗೀತು. ಆ ಫೋಟೋದಲ್ಲಿ ಭೂಮಿ ಒಂದು ಪಿಕ್ಸೆಲ್‌ನಷ್ಟೂ ಇಲ್ಲ. ಅದನ್ನ ನೋಡಿದ್ರೆ ಆಫೀಸ್ ರಾಜಕೀಯ, ಯಾರೋ ಅಂದ ಮಾತು, ಎಲ್ಲಾ ಪುಡಿ ಅನ್ಸುತ್ತೆ, ನಿಜ. ಆದ್ರೆ ಈ ಮದ್ದನ್ನ ಅಳತೆ ಮೀರಿ ತಗೊಂಡ್ರೆ ಉಲ್ಟಾ ಹೊಡೆಯುತ್ತೆ: "ಏನ್ ಮಾಡಿದ್ರೆ ಏನು, ನಾವೆಲ್ಲಾ ಧೂಳು" ಅಂತ ಹಾಸಿಗೆ ಬಿಟ್ಟು ಏಳೋಕೇ ಮನಸ್ಸು ಬರಲ್ಲ. ನನ್ನ ಅಂದಾಜಿನ ಲೆಕ್ಕ ಹೀಗಿದೆ: ನೋವಾದಾಗ ದೂರದಿಂದ ನೋಡಿ, ಕೆಲಸ ಮಾಡೋವಾಗ ಹತ್ರದಿಂದ ನೋಡಿ. ಅವಮಾನ ಆದ ದಿನ ವಾಯೇಜರ್ ಫೋಟೋ, ಮಗು ಪ್ರಶ್ನೆ ಕೇಳೋಕೆ ಬಂದ ದಿನ ಬರೀ ಆ ಮಗುವಿನ ಪೆನ್ಸಿಲ್ ತುದಿ.

ಹೆಜ್ಜೆ 7: ಏನೂ ಮಾಡೋಕಾಗದ ಪರಿಸ್ಥಿತಿ ಬಂದ್ರೆ

ಕಾಯಿಲೆ, ಸಾವು, ಸಾಲ, ಮನೇಲಿ ಹಾಸಿಗೆ ಹಿಡಿದೋರು. ಇಂಥ ಹೊತ್ತಲ್ಲಿ ಆರು ವಾರದ ಪ್ರಯೋಗ ಅನ್ನೋ ಮಾತೇ ಕ್ರೂರ ಅನ್ಸುತ್ತೆ. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಅವರನ್ನ 1942ರಲ್ಲಿ ನಾಜಿಗಳು ಯಾತನಾ ಶಿಬಿರಕ್ಕೆ ಹಾಕಿದ್ರು, ಆಶ್ವಿಟ್ಸ್ ಸೇರಿ ನಾಲ್ಕು ಶಿಬಿರ ಕಂಡು 1945ರಲ್ಲಿ ಬದುಕಿ ಹೊರಗೆ ಬಂದ್ರು. ಅಷ್ಟರಲ್ಲಿ ಅಪ್ಪ, ಅಮ್ಮ, ಅಣ್ಣ, ಹೆಂಡತಿ ಯಾರೂ ಉಳಿದಿರ್ಲಿಲ್ಲ. ಅವರ ಪ್ರಕಾರ ಬದುಕಿಗೆ ಅರ್ಥ ಮೂರು ದಾರೀಲಿ ಬರುತ್ತೆ: ಏನಾದ್ರೂ ಮಾಡೋದ್ರಿಂದ, ಯಾರನ್ನಾದ್ರೂ ಪ್ರೀತಿಸೋದ್ರಿಂದ ಅಥವಾ ಏನನ್ನಾದ್ರೂ ಮನಸಾರೆ ಅನುಭವಿಸೋದ್ರಿಂದ, ತಪ್ಪಿಸ್ಕೊಳ್ಳೋಕಾಗದ ಕಷ್ಟನ ಹೆಂಗೆ ಎದುರಿಸ್ತೀವಿ ಅನ್ನೋದ್ರಿಂದ. ತಪ್ಪಿಸ್ಕೊಳ್ಳೋಕಾಗೋ ಕಷ್ಟನ ಮೊದಲು ತಪ್ಪಿಸ್ಕೊಳ್ಳಿ, ಸುಮ್ಮನೆ ಅನುಭವಿಸೋದ್ರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ ಅಂತಾನೂ ಅವರು ಒತ್ತಿ ಹೇಳ್ತಿದ್ರು. ಜನ ಅದನ್ನ ಬಿಟ್ಟು ಮಿಕ್ಕಿದ್ದನ್ನ ಮಾತ್ರ ಹೇಳ್ತಾರೆ.

ಅಂಥ ದಿನಗಳಲ್ಲಿ ನೋಟ್‌ಬುಕ್ಕಿಗೆ ದಿನಕ್ಕೆ ಒಂದೇ ಸಾಲು ಸಾಕು: ಇವತ್ತು ಯಾರಿಗೋಸ್ಕರ ಏನ್ ಮಾಡ್ದೆ. ನೀರು ಕೊಟ್ಟೆ. ಪಕ್ಕದಲ್ಲಿ ಕೂತಿದ್ದೆ. ಬೈಯದೆ ಇದ್ದೆ.

ಹೆಜ್ಜೆ 8: ವರ್ಷಕ್ಕೆ ಎರಡು ಸಲ ತಿರುಗಿ ಓದಿ

ಎಂಬತ್ತು ವರ್ಷ ಬದುಕಿದ್ರೂ ಒಟ್ಟು ಸುಮಾರು 4,160 ವಾರ, ಮೂವತ್ತೈದು ದಾಟಿದೋರಿಗೆ ಉಳಿಯೋದು 2,340. ಹೆದರಿಸೋಕಲ್ಲ, ಆರು ವಾರದ ಪ್ರಯೋಗ ಎಷ್ಟು ಚಿಕ್ಕದು ಅಂತ ತೋರಿಸೋಕೆ. ಆರು ತಿಂಗಳಿಗೊಮ್ಮೆ ಮತ್ತೆ ಹದಿನಾಲ್ಕು ದಿನದ ಲೆಕ್ಕ ಬರೀರಿ, ಹಳೇದರ ಪಕ್ಕ ಇಟ್ಟು ನೋಡಿ. ಸಾಲು ಬದಲಾಗಿದ್ರೆ ಬದಲಾಯಿಸಿ. ಇಪ್ಪತ್ತೈದಕ್ಕೆ ಬರೆದಿದ್ದು ಐವತ್ತಕ್ಕೂ ಹೊಂದ್ಬೇಕು ಅಂತ ಯಾರೂ ರೂಲ್ಸ್ ಮಾಡಿಲ್ಲ.

ನನ್ನದು ಈಗ ನಾಲ್ಕನೇ ನೋಟ್‌ಬುಕ್. ಪ್ರಮೋಷನ್ ತಗೊಂಡೆ, ಬೇಡ ಅನ್ನೋಕೇನೂ ಕಾರಣ ಇರ್ಲಿಲ್ಲ, ಅದು ಈಗ್ಲೂ ಸೊನ್ನೆನೇ. ಶನಿವಾರ ಬೆಳಗ್ಗೆ ಮೇಜಿನ ಸುತ್ತ ಮೂರು ಮಕ್ಕಳು ಕೂರ್ತಾರೆ, ಆ ಪಕ್ಕದ ಮನೆ ಹುಡುಗಿ ತನ್ನ ತಮ್ಮನ್ನೂ ಕರ್ಕೊಂಡು ಬರ್ತಾಳೆ. ಹೋದ ವಾರ ಅವನು ಭಾಗಾಕಾರ ಮಾಡ್ತಾ ಮಾಡ್ತಾ ನಿಲ್ಲಿಸಿ, "ಅಂಕಲ್, ಶೇಷ ಉಳೀತಲ್ಲ, ಅದನ್ನೇನ್ ಮಾಡೋದು?" ಅಂದ. ಅವಳು ನನಗಿಂತ ಮುಂಚೆ ಕಾಗದ ಹರಿಯೋಕೆ ಶುರು ಮಾಡಿದ್ಲು.